ಎಣ್ಣೆ ಬಿಟ್ಟಿದೀರಾ?

ನಾನು ಮಾತು ಕಡಿಮೆ ಆಡಿದಷ್ಟೂ ಜನ ಅದನ್ನು ಹೆಚ್ಚು ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ. ನಲವತ್ತು ವರ್ಷದಿಂದ ಹೀಗೇ ಆಗುತ್ತಿದೆ. ಇನ್ನು ಸರಿಹೋಗುವ ಲಕ್ಷಣವಿಲ್ಲ.

ರಿಪ್ಪನ್‌ಪೇಟೆಯ ಸರ್ಕಲ್ಲಿನ ಹತ್ತಿರ ನನ್ನ ಬೈಕ್ ರಿಪೇರಿ ಅಂಗಡಿ. ಸಾಗರದ ರಸ್ತೆ, ಹೊಸನಗರದ ರಸ್ತೆ, ತೀರ್ಥಹಳ್ಳಿ ರಸ್ತೆ ಎಲ್ಲ ಅಲ್ಲಿ ಕೂಡುತ್ತವೆ. ಎಲ್ಲ ಕಡೆಯಿಂದಲೂ ಕೆಟ್ಟ ಬೈಕುಗಳು ಬರುತ್ತವೆ. ಬಂದವರು ಕೇಳುವುದು ಒಂದೇ ಪ್ರಶ್ನೆ. "ಯಾವ ಪೆಟ್ರೋಲ್ ಹಾಕಿಸ್ಲಿ? ಸಾದಾನಾ, ಸ್ಪೆಷಲ್ಲಾ?" ನಾನು ಹೇಳುವುದೂ ಒಂದೇ. "ಸಾದಾ ಸಾಕು." ಅವರು ಸ್ಪೆಷಲ್ ಹಾಕಿಸಿಕೊಂಡು ಹೋಗುತ್ತಾರೆ.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಆಗಿನ ಬೈಕುಗಳಲ್ಲಿ ಮುಕ್ಕಾಲು ಪಾಲು ಟೂ ಸ್ಟ್ರೋಕ್. ಅವಕ್ಕೆ ಬರೀ ಪೆಟ್ರೋಲು ಸಾಲದು. ಲೀಟರಿಗೆ ಇಷ್ಟು ಅಂತ ಆಯಿಲ್ ಕಲಸಿ ಹಾಕಬೇಕು. ಹಾಕದಿದ್ದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಹೊಗೆ. ಬೆಳಿಗ್ಗೆ ಸರ್ಕಲ್ಲಿನಲ್ಲಿ ಹತ್ತು ಬೈಕು ಒಟ್ಟಿಗೆ ಚಾಲೂ ಆದರೆ ನೀಲಿ ಹೊಗೆ ಬಸ್‌ಸ್ಟ್ಯಾಂಡಿನವರೆಗೂ ಹೋಗುತ್ತಿತ್ತು. ಆ ವಾಸನೆ ನನಗೆ ಕಾಫಿ ವಾಸನೆಯಷ್ಟೇ ಇಷ್ಟ. ಈಗ ಎರಡರಲ್ಲಿ ಕಾಫಿ ಮಾತ್ರ ಉಳಿದಿದೆ.

ನಮ್ಮ ಕಡೆ ಅದನ್ನು ಆಯಿಲ್ ಎಂದು ಯಾರೂ ಕರೆಯುತ್ತಿರಲಿಲ್ಲ. ಎಣ್ಣೆ. ಕಷ್ಟ ಶುರುವಾಗುವುದೇ ಅಲ್ಲಿ. ಒಗ್ಗರಣೆಗೆ ಹಾಕುವುದೂ ಎಣ್ಣೆ. ಗಾಡಿಗೆ ಹಾಕುವುದೂ ಎಣ್ಣೆ. ಸಂಜೆಯಾದರೆ ಕೆಲವರು ತಮಗೆ ಹಾಕಿಕೊಳ್ಳುವುದೂ ಎಣ್ಣೆ.

೧. ಕೆನೆ ಮತ್ತು ಪಾಯಸ

ಇಬ್ಬರು ಭಾವಂದಿರು. ಒಬ್ಬರು ಸಾಗರದವರು, ಇನ್ನೊಬ್ಬರು ತೀರ್ಥಹಳ್ಳಿಯವರು. ಇವರ ತಂಗಿಯನ್ನು ಅವರಿಗೆ ಕೊಟ್ಟಿತ್ತು. ಇಬ್ಬರ ಹತ್ತಿರವೂ ಒಂದೇ ಕಂಪನಿಯ ಒಂದೇ ಬಣ್ಣದ ಬೈಕು. ಜಗಳ ಮಾತ್ರ ಪೆಟ್ರೋಲಿನದು. ಅವರವರ ಊರಿನ ಬಂಕಿನ ಪೆಟ್ರೋಲೇ ಮೇಲು.

"ನಮ್ಮ ಸಾಗರದ ಪೆಟ್ರೋಲ್ ಹಾಕ್ಸಿದ್ರೆ ಗಾಡಿ ಸದ್ದೇ ಬೇರೆ ಭಾವ. ತಂಬೂರಿ ಮೀಟ್ದಂಗೆ."

"ತಂಬೂರಿ ಇಟ್ಕಂಡು ಎಂತ ಮಾಡ್ತೀರಿ? ನಮ್ದು ಆಗುಂಬೆ ಘಾಟೀನ ಮೂರನೇ ಗೇರಲ್ಲಿ ಹತ್ತುತ್ತೆ. ನಿಮ್ದು ಹತ್ತುತ್ತಾ?"

ಒಂದು ದಿನ ಇಬ್ಬರೂ ನನ್ನ ಅಂಗಡಿಯಲ್ಲೇ ಎದುರುಬದುರಾದರು. ಅರ್ಧ ಗಂಟೆ ಕಚ್ಚಾಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೀವೇ ಹೇಳಿ ಮಾರಾಯ್ರೇ. ಯಾವುದು ಒಳ್ಳೇದು?"

"ಒಂದೇ," ಅಂದೆ.

"ಒಂದೇ ಅಂದ್ರೆ?"

"ಒಂದೇ ಟ್ಯಾಂಕರು."

ಪುಣ್ಯಕ್ಕೆ ಆ ಟ್ಯಾಂಕರಿನ ಡ್ರೈವರು ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಅವನನ್ನೇ ಕರೆದು ಕೇಳಿದರು. ಅವನು ಹೇಳಿದ, "ಹೌದು ಸ್ವಾಮಿ, ಒಂದೇ ಲೋಡು. ಮೊದ್ಲು ಸಾಗರದಲ್ಲಿ ಅರ್ಧ ಇಳಿಸ್ತೀನಿ. ಉಳಿದಿದ್ದು ತೀರ್ಥಹಳ್ಳಿಗೆ."

ಜಗಳ ಮುಗಿಯಿತು ಎಂದು ನಾನು ಸ್ಪ್ಯಾನರ್ ಎತ್ತಿಕೊಂಡೆ.

ಆಗ ಸಾಗರದ ಭಾವ ಎದೆ ಉಬ್ಬಿಸಿದರು. "ನೋಡಿದ್ರಾ? ಮೇಲಿನ ಕೆನೆ ನಮ್ಗೆ. ಅಡಿ ಹಾಲು ನಿಮ್ಗೆ."

"ಕೆನೆ ಕಟ್ಟೋದು ಹಾಲಿಗೆ ಭಾವ," ಅಂದರು ತೀರ್ಥಹಳ್ಳಿಯವರು. "ಇದನ್ನ ಪಾಯಸ ಅಂತ ತಿಳ್ಕಳಿ. ದ್ರಾಕ್ಷಿ ಗೋಡಂಬಿ ಎಲ್ಲಿರುತ್ತೆ? ಅಡೀಲಿ."

ಡ್ರೈವರು ಟೀ ಲೋಟ ಕೆಳಗಿಟ್ಟ. "ನಲ್ಲಿ ಇರೋದು ಟ್ಯಾಂಕಿನ ಅಡೀಲಿ ಸ್ವಾಮಿ. ಮೊದ್ಲು ಬರೋದೇ ಅಡೀದು," ಅಂದ.

ಅಂದಿನಿಂದ ಸಾಗರದ ಭಾವ ಪಾಯಸದ ಪಕ್ಷ, ತೀರ್ಥಹಳ್ಳಿ ಭಾವ ಕೆನೆಯ ಪಕ್ಷ. ಜಗಳ ಈಗಲೂ ನಡೆದಿದೆ.

೨. ಬಿಟ್ಟು ಮೂರು ತಿಂಗಳು

ದನದ ಆಸ್ಪತ್ರೆಯಲ್ಲಿ ಒಬ್ಬರು ಕಾಂಪೌಂಡರ್ ಇದ್ದರು. ಕೈಗುಣ ಒಳ್ಳೆಯದು. ನಿಟ್ಟೂರಿನ ಆಚೆ ಕಾಡೊಳಗಿನ ಮನೆಗೂ ಬೈಕಿನಲ್ಲಿ ಹೋಗಿ ಹಸುವಿಗೆ ಔಷಧಿ ಕುಡಿಸಿ ಬರುತ್ತಿದ್ದರು. ಹಸು ಬದುಕಿದ ಸಂತೋಷಕ್ಕೆ ಮನೆಯವರು ಇವರಿಗೆ ಬೇರೆ ಔಷಧಿ ಕುಡಿಸುತ್ತಿದ್ದರು. ವಾರಕ್ಕೆರಡು ಸಲ ಇವರು ಗಾಡಿ ಸಮೇತ ತಮ್ಮ ಮನೆಯ ಅಂಗಳದ ದಾಸವಾಳದ ಗಿಡದ ಮೇಲೆ ಬೀಳುತ್ತಿದ್ದರು. ಆ ಗಿಡ ಆಗ ನೆಟ್ಟಗೆ ಬೆಳೆಯಲೇ ಇಲ್ಲ.

ಅವರ ಹೆಂಡತಿ ಮೇಗರವಳ್ಳಿ ಕಡೆಯವರು. ಒಂದು ಮಳೆಗಾಲ ಗಂಟುಮೂಟೆ ಕಟ್ಟಿ ತವರಿಗೆ ಹೋಗಿಬಿಟ್ಟರು. ಆ ನಾಲ್ಕು ತಿಂಗಳು ಕಾಂಪೌಂಡರನ್ನು ನೋಡಲಾಗುತ್ತಿರಲಿಲ್ಲ. ನನ್ನ ಅಂಗಡಿಯ ಟಯರಿನ ಮೇಲೆ ಬಂದು ಕುಳಿತುಕೊಳ್ಳುವರು. ಮಾತಿಲ್ಲ. ನನ್ನದೂ ಮಾತಿಲ್ಲ. ಚೆನ್ನಾಗಿ ಹೊಂದಿತ್ತು.

ಕೊನೆಗೆ ಊರ ದೇವತೆ ಚೌಡಿಯ ಮುಂದೆ ಆಣೆ ಇಟ್ಟರು. ಎಣ್ಣೆ ಮುಟ್ಟಲ್ಲ, ಕೊಳ್ಳಲ್ಲ, ಎಣ್ಣೆ ಎನ್ನುವ ಮಾತನ್ನೂ ಬಾಯಲ್ಲಿ ಆಡಲ್ಲ. ಹೆಂಡತಿ ವಾಪಸು ಬಂದರು. ಬಂದವರು ಹೊಸಿಲು ದಾಟುವ ಮೊದಲೇ ಒಂದು ಮಾತು ಹೇಳಿದರಂತೆ. "ಇನ್ನೊಂದೇ ಒಂದು ಸಲ ಬಾಯಲ್ಲಿ ವಾಸನೆ ಬಂದ್ರೆ ಮೇಗರವಳ್ಳಿ ಬಸ್ ಹತ್ತುತ್ತೀನಿ. ಕರಿಯಕ್ಕೆ ಬರ್ಬೇಡಿ. ನಾನು ಬರಲ್ಲ." ಆಕೆ ಹೇಳಿದ್ದನ್ನು ಮಾಡುವವರು.

ಇದಾಗಿ ಮೂರು ತಿಂಗಳಿಗೆ ಅವರ ಬೈಕು ತಳ್ಳಿಸಿಕೊಂಡು ನನ್ನ ಅಂಗಡಿಗೆ ಬಂತು. ಕಿಕ್ ಒತ್ತಿದೆ. ಕಲ್ಲು. ಇಂಜಿನ್ ಹಿಡಿದುಕೊಂಡಿತ್ತು.

"ಎಣ್ಣೆ ಬಿಟ್ಟಿದೀರಾ?" ಅಂತ ಕೇಳಿದೆ.

ಅವರ ಮುಖ ಅರಳಿತು. "ಬಿಟ್ಟು ಮೂರು ತಿಂಗ್ಳಾಯ್ತು!"

"ಮೂರು ತಿಂಗಳಾ? ಮತ್ತೆ ಬಿಡ್ಬೇಕು."

"ಮತ್ತೆ ಎಂತಕ್ಕೆ? ಒಂದ್ಸಲ ಬಿಟ್ಟ ಮೇಲೆ ಮುಗೀತಲ್ಲ?"

"ಮುಗಿಯಲ್ಲ. ಪ್ರತಿ ಸಲ ಬಿಡ್ಬೇಕು. ಲೀಟರಿಗೆ ಇಷ್ಟು ಅಂತ."

"ಲೀಟರಾ?" ಕಾಂಪೌಂಡರು ಕಂಬ ಹಿಡಿದುಕೊಂಡರು. "ಅಯ್ಯೋ ಮಾರಾಯ್ರೇ, ನಾನು ಯಾವತ್ತೂ ಲೀಟರ್‌ಗಟ್ಲೆ ಕುಡಿದವ್ನಲ್ಲ!"

ಆಮೇಲೆ ತಿಳಿಯಿತು. ಎಣ್ಣೆ ಎನ್ನುವ ಮಾತು ಆಡುವಂತಿಲ್ಲವಲ್ಲ. ಬಂಕಿನಲ್ಲಿ ಬರೀ "ಪೆಟ್ರೋಲು" ಎಂದಷ್ಟೇ ಕೇಳಿ ಹಾಕಿಸಿಕೊಂಡು ಬಂದಿದ್ದರು. ಮೂರು ತಿಂಗಳು. ಗಾಡಿ ಪಾಪ ಅಷ್ಟು ದಿನ ತಡೆದುಕೊಂಡಿದ್ದೇ ಹೆಚ್ಚು.

ಸಿಲಿಂಡರಿಗೆ ಬೋರ್ ಹೊಡೆಸಿ, ಪಿಸ್ಟನ್ ಹೊಸದು ಹಾಕಿ ಕೊಟ್ಟೆ. ಅಂದಿನಿಂದ ಅವರು ಬಂಕಿನಲ್ಲಿ "ಪೆಟ್ರೋಲಿಗೆ ಅದನ್ನ ಹಾಕಪ್ಪಾ" ಎನ್ನತೊಡಗಿದರು. ಮನೆಯಲ್ಲೂ ಅಷ್ಟೇ. ಒಗ್ಗರಣೆಗೆ ಅದು, ತಲೆಗೆ ಹಚ್ಚಲು ಅದು. ಯಾವ ಅದು ಎಂದು ಹೆಂಡತಿ ವಾಸನೆ ನೋಡಿ ತಿಳಿದುಕೊಳ್ಳಬೇಕು.

೩. ನಿಟ್ಟೂರಿನದು

ನಿಟ್ಟೂರಿನ ಒಬ್ಬ ಹುಡುಗ ತನ್ನ ಬೈಕು ಮಾರಬೇಕು ಎಂದು ನನಗೆ ಹೇಳಿಟ್ಟಿದ್ದ. ಗಿರಾಕಿ ಬಂದರೆ ಇದ್ದದ್ದು ಇದ್ದಹಾಗೆ ಹೇಳಿ ಎಂದಿದ್ದ. ಒಳ್ಳೆ ಹುಡುಗ.

ಒಂದು ವಾರ ಬಿಟ್ಟು ತೀರ್ಥಹಳ್ಳಿಯಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಬಂದರು. ಛತ್ರಿ ಊರಿ ನಿಂತರು. ಕಾಂಪೌಂಡರು ಎಂದಿನಂತೆ ಟಯರಿನ ಮೇಲೆ ಕುಳಿತಿದ್ದರು.

"ನಿಟ್ಟೂರಿಂದು ಒಂದು ನೋಡ್ತಾ ಇದೀವಿ. ನಿಮ್ಗೆ ಚೆನ್ನಾಗಿ ಗೊತ್ತಂತೆ. ಹೆಂಗೆ?" ಅಂದರು.

"ಒಳ್ಳೇದು," ಅಂದೆ. "ಹೊಗೆ ಸ್ವಲ್ಪ ಜಾಸ್ತಿ."

ಹಿರಿಯರು ಹುಬ್ಬು ಗಂಟಿಕ್ಕಿದರು. "ಹೊಗೆಯಾ?"

"ಎಣ್ಣೆ ಜಾಸ್ತಿ ಹಾಕಿ ಹಾಕಿ ಹಂಗಾಗಿದೆ. ಕಮ್ಮಿ ಮಾಡು ಅಂತ ಹೇಳಿದೀನಿ."

"ಎಣ್ಣೆನೂ ಉಂಟಾ! ಮತ್ತೆ?"

ಇದ್ದದ್ದು ಇದ್ದಹಾಗೆ ಹೇಳಬೇಕಲ್ಲ. "ಬೆಳಿಗ್ಗೆ ನಾಲ್ಕು ಒದೀಬೇಕು. ಇಲ್ದಿದ್ರೆ ಏಳಲ್ಲ."

"ರಾಮ ರಾಮ! ಒದೀಬೇಕಾ?"

"ಒಂದ್ಸಲ ಬಿಸಿಯಾದ್ರೆ ತೊಂದ್ರೆ ಇಲ್ಲ. ಈಗಾಗ್ಲೇ ಎರಡು ಕೈ ಬದಲಾಗಿದೆ. ನಿಮ್ದು ಮೂರನೇದು."

ಹಿರಿಯರು ಬಂದ ಬಸ್ಸಿಗೇ ವಾಪಸು ಹೋದರು. ದರ ಕೂಡ ಕೇಳಲಿಲ್ಲ. ನನಗೆ ವಿಚಿತ್ರ ಎನಿಸಿತು.

ಬಸ್ಸು ಹೋದ ಮೇಲೆ ಕಾಂಪೌಂಡರು ಟಯರಿನಿಂದ ಎದ್ದರು. "ಮಾರಾಯ್ರೇ, ಈಗ ಹೊಳೀತು. ಅವ್ರು ನೋಡಕ್ಕೆ ಬಂದಿದ್ದು ಬೈಕ್ ಅಲ್ಲ. ಹುಡುಗನ್ನ! ಮಗಳಿಗೆ!"

ಹುಡುಗನ ಮದುವೆ ನನ್ನ ನಾಲ್ಕು ಮಾತಿನಿಂದ ಮುರಿಯುವ ಹಾಗಾಯಿತು. ಕಾಂಪೌಂಡರು ತಾವೇ ತೀರ್ಥಹಳ್ಳಿಗೆ ಹೋಗಿ ಬಿಡಿಸಿ ಹೇಳಿ ಬರುತ್ತೇನೆ ಎಂದು ಹೊರಟರು. ಹೋದರು. ಆದರೆ ಅವರು ಆ ಮಾತು ಆಡುವಂತಿಲ್ಲವಲ್ಲ. "ಹುಡುಗ ಅದನ್ನ ಹಾಕಲ್ಲ. ಹಾಕೋದು ಗಾಡಿಗೆ. ಅದನ್ನ ಜಾಸ್ತಿ ಹಾಕಿ ಗಾಡಿ ಹಂಗಾಗಿದೆ," ಅಂದರಂತೆ. ಹಿರಿಯರಿಗೆ ಅರ್ಥವಾದದ್ದು ಇಷ್ಟು: ಹುಡುಗ ಅದನ್ನು ಹಾಕಿಕೊಂಡು ಗಾಡಿಯನ್ನೂ ಗುದ್ದಿದ್ದಾನೆ.

ಕೊನೆಗೆ ಹುಡುಗನೇ ಬೈಕಿನಲ್ಲಿ ಹೋಗಿ, ಹಿರಿಯರ ಎದುರು ನಾಲ್ಕು ಸಲ ಒದ್ದು ಚಾಲೂ ಮಾಡಿ, ಅವರನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ತಂದ. ಇಳಿದಾಗ ಬಿಳಿ ಪಂಚೆ ಬೂದಿ ಬಣ್ಣ. ಹೊಗೆ ಗಾಡಿಯದೇ ಎಂದು ಖಾತ್ರಿಯಾಗಿ ಮದುವೆಗೆ ಒಪ್ಪಿದರು.

ಮದುವೆಯಾದ ವರ್ಷ ಆ ಹುಡುಗಿ ಗಂಡನ ಜೊತೆ ಅಂಗಡಿಗೆ ಬಂದಿದ್ದಳು. "ನೀವು ಅಪ್ಪಯ್ಯನ ಹತ್ರ ಹೇಳಿದ್ರಲ್ಲ, ಅದ್ರಲ್ಲಿ ಒಂದು ಮಾತು ಇವರಿಗೂ ಸರಿ ಇದೆ," ಅಂದಳು. "ಬೆಳಿಗ್ಗೆ ಏಳಲ್ಲ."

೪. ಗಾಡಿಯ ಪಾಡು

ಕಾಲ ಹೋಯಿತು. ಟೂ ಸ್ಟ್ರೋಕ್ ಗಾಡಿಗಳು ಒಂದೊಂದೇ ಗುಜರಿಗೆ ಹೋದವು. ಮೊದಲು ನಾನು ಸದ್ದು ಕೇಳಿಯೇ ಯಾವ ಊರಿನ ಯಾರ ಗಾಡಿ ಬಂತು ಎಂದು ತಲೆ ಎತ್ತದೆ ಹೇಳುತ್ತಿದ್ದೆ. ಈಗಿನ ಗಾಡಿಗಳೆಲ್ಲ ಒಂದೇ ದನಿಯಲ್ಲಿ ಉಸುರುತ್ತವೆ. ಕಾಯಿಲೆ ಏನೆಂದು ಅವು ನನಗೆ ಹೇಳುವುದಿಲ್ಲ. ಕಂಪ್ಯೂಟರಿಗೆ ಹೇಳುತ್ತವೆ.

ಉಳಿದದ್ದು ಕಾಂಪೌಂಡರ ಬೈಕು ಒಂದೇ. ಅವರಿಗೆ ಪಿಂಚಣಿ ಬಂತು. ಬೈಕಿಗೆ ಬರಲಿಲ್ಲ. ಈಗಲೂ ಓಡುತ್ತಿದೆ.

ಮೊನ್ನೆ ಮಳೆಗಾಲದಲ್ಲಿ ಅದು ಹೊಸನಗರ ರಸ್ತೆಯಲ್ಲಿ ದಿನಕ್ಕೆರಡು ಸಲ ನಿಲ್ಲತೊಡಗಿತು. ಕಾರ್ಬುರೇಟರ್ ಬಿಚ್ಚಿದೆ. ಒಳಗೆ ನೀರು, ಬಿಳಿ ಕಿಟ್ಟ. ರಬ್ಬರ್ ವಾಷರ್ ಉಬ್ಬಿ ಕೂತಿತ್ತು.

"ಯಾವ ಬಂಕಿಂದು ಹಾಕಿಸ್ಲಿ? ಸಾಗರದ್ದು ಹಾಕಿ ನೋಡ್ಲಾ?" ಅಂತ ಕೇಳಿದರು.

"ಎಲ್ಲ ಕಡೆ ಅದೇ. ಈಗ ಪೆಟ್ರೋಲಿಗೇ ಎಣ್ಣೆ ಸೇರಿಸ್ತಾರೆ."

"ಒಳ್ಳೇದಾಯ್ತಲ್ಲ! ಇನ್ನು ನಾವು ಬೇರೆ ಹಾಕೋದು ಬೇಡ್ವಾ?"

"ಆ ಎಣ್ಣೆ ಅಲ್ಲ. ನೀವು ಬಿಟ್ಟಿದ್ದು."

ಕಾಂಪೌಂಡರು ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಕಬ್ಬಿನಿಂದಲೋ ಜೋಳದಿಂದಲೋ ತೆಗೆದ ಸ್ಪಿರಿಟ್ಟನ್ನು ಪೆಟ್ರೋಲಿನಲ್ಲಿ ಬೆರೆಸುತ್ತಾರೆ ಎಂದು ನನಗೆ ತಿಳಿದಷ್ಟು ಹೇಳಿದೆ. ಐದರಲ್ಲಿ ಒಂದು ಪಾಲು.

"ಮಾರಾಯ್ರೇ, ನಾನು ಕೊಳ್ಳಲ್ಲ ಅಂತ ಆಣೆ ಇಟ್ಟಿದೀನಿ. ವಾರ ವಾರ ಟ್ಯಾಂಕ್ ತುಂಬಿಸ್ತಾ ಇದೀನಲ್ಲ!"

ಆ ವಾರ ಅವರು ಗಾಡಿ ಮುಟ್ಟಲಿಲ್ಲ. ಬಸ್ಸಿನಲ್ಲಿ ಓಡಾಡಿದರು. ಕೊನೆಗೆ ಚೌಡಿಯ ಪೂಜಾರಿಯನ್ನೇ ಕೇಳುವುದು ಎಂದಾಯಿತು. ನನ್ನನ್ನೂ ಕರೆದುಕೊಂಡು ಹೋದರು. ಪೂಜಾರಿ ಮನೆಯ ಎದುರು ಸ್ಕೂಟರ್ ತೊಳೆಯುತ್ತಿದ್ದ. ಎಲ್ಲ ಕೇಳಿದ. ಬಹಳ ಹೊತ್ತು ಯೋಚಿಸಿದ. ಅವನೂ ಸ್ಕೂಟರ್ ಓಡಿಸಬೇಕಲ್ಲ.

"ಆಣೆ ಇಟ್ಟಿದ್ದು ಯಾರು? ನೀವಾ, ಗಾಡಿಯಾ?"

"ನಾನು."

"ಮತ್ತೆ? ಕೊಳ್ಳೋದು ಪೆಟ್ರೋಲು. ಅದ್ರೊಳಗೆ ಇರೋದು ಗಾಡಿ ಪಾಡು. ನಿಮ್ಮ ಬಾಯಿಗೆ ಹೋಗ್ಬಾರ್ದು, ಅಷ್ಟೇ."

ಕಾಂಪೌಂಡರು ನೆಮ್ಮದಿಯಿಂದ ಕೈ ಮುಗಿದರು. ಕಾಯಿ ಒಡೆಸಿದರು.

೫. ಸಾಕ್ಷಿ

ಹತ್ತು ದಿನ ಕಳೆದಿರಲಿಲ್ಲ. ಬೈಕು ಮತ್ತೆ ನಿಂತಿತು. ಈ ಸಲ ಟ್ಯಾಂಕಿಗೇ ಮಳೆನೀರು ಇಳಿದಿತ್ತು. ಈಗಿನ ಪೆಟ್ರೋಲಿನ ಗುಣ ಹಾಗೆ. ನೀರು ಸೇರಿದರೆ ಒಳಗಿನ ಸ್ಪಿರಿಟ್ಟು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಅಡಿಗೆ ಇಳಿಯುತ್ತದೆ. ಆ ಅಡಿಯದನ್ನು ತೆಗೆಯಬೇಕು. ಕೆಳಗಿನ ನಲ್ಲಿ, ಅದೇ ಕಾಕ್, ತುಕ್ಕು ಹಿಡಿದು ಕಟ್ಟಿಕೊಂಡಿತ್ತು. ಮೇಲಿನಿಂದ ಪೈಪ್ ಇಳಿಸಿ ಬಾಯಲ್ಲಿ ಎಳೆಯುವುದೇ ದಾರಿ.

ನನಗೆ ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ ಎಳೆಯಲಾಗುವುದಿಲ್ಲ. ಒಮ್ಮೆ ಎಳೆದಾಗ ಸೆಟ್ಟೇ ಪೈಪಿಗೆ ಕಚ್ಚಿಕೊಂಡಿತ್ತು.

"ಕೊಡಿ ಇಲ್ಲಿ," ಅಂದರು ಕಾಂಪೌಂಡರು. "ಎಷ್ಟು ಎಮ್ಮೆಗೆ ಪೈಪ್ ಹಾಕಿಲ್ಲ ನಾನು." ದನಕ್ಕೆ ಔಷಧಿ ಕುಡಿಸುವ ಪೈಪು ಅವರ ಚೀಲದಲ್ಲೇ ಇತ್ತು. ಟ್ಯಾಂಕಿನ ತಳಕ್ಕೆ ಇಳಿಸಿದರು. ಜೋರಾಗಿ ಎಳೆದರು. ಎಮ್ಮೆಗೆ ಊದಿ ಅಭ್ಯಾಸ, ಎಳೆದು ಅಭ್ಯಾಸವಿಲ್ಲ. ಬಾಯಿ ತುಂಬ ಬಂತು. ಒಂದು ಗುಟುಕು ಒಳಗೂ ಹೋಯಿತು.

ಉಗಿದರು. ಕೆಮ್ಮಿದರು. ಹತ್ತು ಸಲ ಬಾಯಿ ಮುಕ್ಕಳಿಸಿದರು. ಎಲೆಯಡಿಕೆಯ ಎರಡು ಕವಳ ಹಾಕಿದರು. ಆಮೇಲೆ ಅಂಗೈಗೆ ಉಸಿರು ಬಿಟ್ಟು ಮೂಸಿದರು. ಅಲ್ಲೇ ಟಯರಿನ ಮೇಲೆ ಕುಸಿದರು.

"ಅದೇ ವಾಸನೆ ಮಾರಾಯ್ರೇ. ಇಪ್ಪತ್ತು ವರ್ಷದ ಹಿಂದಿಂದು. ಇವಳು ಮೇಗರವಳ್ಳಿಗೆ ಹೋಗ್ತಾಳೆ. ಈ ವಯಸ್ಸಲ್ಲಿ ಹೋದ್ರೆ ವಾಪಸ್ ಬರಲ್ಲ."

ಆ ನಾಲ್ಕು ತಿಂಗಳು ಅವರು ಅದೇ ಟಯರಿನ ಮೇಲೆ ಕುಳಿತದ್ದು ನನಗೆ ನೆನಪಾಯಿತು.

"ನೀವು ಬನ್ನಿ," ಅಂದರು. "ನನ್ನ ಮಾತು ಅವಳು ನಂಬಲ್ಲ. ನೀವು ಸುಳ್ಳು ಹೇಳೋರಲ್ಲ ಅಂತ ಅವಳಿಗೆ ಗೊತ್ತು. ಎರಡು ಮಾತು ಹೇಳಿ, ಸಾಕು."

ಗಾಡಿ ಸರಿಮಾಡಿ, ಹಿಂದೆ ಕುಳಿತು ಹೊರಟೆ. ಮಳೆ ಬಿಟ್ಟಿತ್ತು. ಹೊಸನಗರ ರಸ್ತೆಯ ಉದ್ದಕ್ಕೂ ನೀಲಿ ಹೊಗೆ ನಮ್ಮ ಹಿಂದೆ ಬಂತು. ನನ್ನ ಕಾಲದ ವಾಸನೆ. ಒಳಗೆ ಸ್ವಲ್ಪ ಸಂತೋಷವೂ ಆಯಿತು. ಹೇಳಲಿಲ್ಲ.

ಅಂಗಳದಲ್ಲಿ ಗಾಡಿಗೆ ಸ್ಟ್ಯಾಂಡ್ ಹಾಕಿದರು. ಹೆಂಡತಿ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಕಾಂಪೌಂಡರು ಮೂರು ಮಾರು ದೂರದಲ್ಲೇ ನಿಂತರು. ಆಕೆ ಮೂಗು ಅರಳಿಸಿದರು. ಮೊರ ಕೆಳಗಿಟ್ಟರು. ಗಂಡನನ್ನು ಏನೂ ಕೇಳಲಿಲ್ಲ. ನನ್ನನ್ನೇ ನೋಡಿದರು.

"ಇವ್ರ ಬಾಯಿಗೆ ಎಣ್ಣೆ ಹೋಗಿದ್ಯಾ?"

ಸುಳ್ಳು ಹೇಳುವವನಲ್ಲ. "ಹೋಗಿದೆ ಅತ್ತಿಗೆ."

ಕಾಂಪೌಂಡರು ಕಣ್ಣು ಮುಚ್ಚಿಕೊಂಡರು.

"ಎಲ್ಲಿ?"

"ನನ್ನ ಅಂಗಡೀಲಿ."

"ಎಷ್ಟು?"

"ಬಾಯ್ತುಂಬ. ಒಳಗೆ ಹೋಗಿದ್ದು ಒಂದು ಗುಟುಕು."

"ಲೋಟದಲ್ಲಾ, ಬಾಟ್ಲೀಲಾ?"

"ಪೈಪಲ್ಲಿ."

ಆಕೆ ಎದ್ದು ನಿಂತರು. "ಪೈಪಲ್ಲಾ! ಅಷ್ಟು ಮುಂದುವರ್ದಿದಾರಾ?"

"ಮಾರಾಯ್ರೇ, ಇನ್ನೂ ಎರಡು ಮಾತು ಜಾಸ್ತಿ ಹೇಳಿ," ಅಂತ ಕಾಂಪೌಂಡರು ಅಳುವ ದನಿಯಲ್ಲಿ ಅಂದರು. ನಾನು ಜೀವನದಲ್ಲಿ ಮೊದಲ ಬಾರಿಗೆ ಉದ್ದ ಮಾತಾಡಲು ಬಾಯಿ ತೆರೆದೆ. ಮಳೆನೀರು, ಟ್ಯಾಂಕಿನ ಅಡಿ, ಎಮ್ಮೆಯ ಪೈಪು, ನನ್ನ ಹಲ್ಲಿನ ಸೆಟ್ಟು, ಎಲ್ಲ ಒಟ್ಟಿಗೆ ಬಂತು. ಯಾವುದು ಮೊದಲು ಯಾವುದು ಆಮೇಲೆ ನನಗೇ ತಿಳಿಯಲಿಲ್ಲ.

ಆಕೆ ಕೈ ಎತ್ತಿ ನಿಲ್ಲಿಸಿದರು.

"ಸಾಕು ಬಿಡಿ. ನಿಮ್ಗೆ ಮಾತು ಬರಲ್ಲ." ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಆಗ ಕುಡ್ದು ಬಂದಾಗ ಈ ಮನುಷ್ಯ ಒಂದಿನ ಹೆದರಿದ್ದು ಉಂಟಾ? ಗೇಟಿಂದನೇ ಹಾಡು ಹೇಳ್ತಾ ಬರ್ತಿದ್ರು. ಇವತ್ತು ನೋಡಿ, ಗಡಗಡ ನಡುಗ್ತಾ ನಿಂತಿದಾರೆ. ಸಾಕ್ಷಿ ಬೇರೆ ಕರ್ಕಂಡು ಬಂದಿದಾರೆ. ಕುಡಿದವ್ರು ಸಾಕ್ಷಿ ಕರ್ಕಂಡು ಬರಲ್ಲ. ಒಳಗೆ ಬನ್ನಿ, ಕಾಫಿ ಮಾಡ್ತೀನಿ."

ಕಾಂಪೌಂಡರು ಉಸಿರು ಬಿಟ್ಟರು. ಆ ವಾಸನೆ ನನ್ನವರೆಗೂ ಬಂತು.

ಆಗಲೇ ಹಿಂದೆ ಅಂಗಳದಲ್ಲಿ ಧಡ್ ಎಂದು ಸದ್ದಾಯಿತು. ಮೂವರೂ ತಿರುಗಿದೆವು. ಹಸಿ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತುಹೋಗಿ, ಬೈಕು ಮೆಲ್ಲಗೆ ವಾಲಿ, ದಾಸವಾಳದ ಗಿಡದ ಮೇಲೆ ಮಲಗಿತ್ತು. ಇಪ್ಪತ್ತು ವರ್ಷಕ್ಕೆ ಆಗಷ್ಟೇ ನೆಟ್ಟಗಾಗಿದ್ದ ಗಿಡ. ಟ್ಯಾಂಕಿನ ಮುಚ್ಚಳದಿಂದ ಅದು ತೊಟ್ಟು ತೊಟ್ಟಾಗಿ ಸೋರುತ್ತಿತ್ತು.

ಅತ್ತಿಗೆ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವ್ರಿಗೆ ನಾನು ಬಿಡಿಸ್ದೆ," ಅಂದರು. "ಆ ಗಾಡಿಗೆ ನೀವು ಬಿಡಿಸಿ."